ಕೊನೆ ಗೊತ್ತಿದ್ದರೂ ಕೆಳಗಿಡಲಾಗದ ಪ್ರೇಮಕಥೆ: ಬರೆಯಲು ಕೂರುವವರಿಗೆ ಮಾರ್ಗದರ್ಶಿ

ಪ್ರೇಮ ಕಾದಂಬರಿ ಓದುವವರಿಗೆ ಕೊನೆ ಮೊದಲೇ ಗೊತ್ತಿರುತ್ತದೆ. ಇಬ್ಬರೂ ಒಂದಾಗುತ್ತಾರೆ. ಗೊತ್ತಿದ್ದೂ ನೂರಾರು ಪುಟ ಓದುತ್ತಾರೆ, ಮುಗಿಸಿದ ಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ‘ಗೊತ್ತಿರುವ ಕಥೆಯನ್ನೇ ಏನು ಬರೆಯೋದು’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಈ ಕೆಲಸದ ಕಷ್ಟ, ಸೊಗಸು ಎರಡೂ ಅಲ್ಲೇ ಕಾಣುತ್ತವೆ. ಪತ್ತೇದಾರಿ ಕಥೆ ಬರೆಯುವವರು ಕೊಲೆಗಾರ ಯಾರೆಂದು ಕೊನೆಯವರೆಗೂ ಬಚ್ಚಿಡಬಹುದು. ನಮಗೆ ಬಚ್ಚಿಡಲು ಏನೂ ಇಲ್ಲ. ‘ಇವರು ಒಂದಾಗ್ತಾರೆ, ಸರಿ. ಆದರೆ ಇಷ್ಟೆಲ್ಲ ಆದ ಮೇಲೆ ಹೇಗೆ ಸಾಧ್ಯ?’ ಎಂಬ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪ್ರಶ್ನೆಯನ್ನು ಜೀವಂತವಾಗಿಡುವ ದಾರಿಗಳು.

ಮೊದಲ ಹೆಜ್ಜೆ: ಓದುಗರಿಗೆ ಏನು ಮಾತು ಕೊಡುತ್ತಿದ್ದೀರಿ ಎಂದು ತಿಳಿಯಿರಿ

1980ರಲ್ಲಿ ಹುಟ್ಟಿದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಈ ಪ್ರಕಾರವನ್ನು ಎರಡೇ ಲಕ್ಷಣಗಳಿಂದ ಗುರುತಿಸಿತು. ಕಥೆಯ ನಡುಮಧ್ಯೆ ಪ್ರೇಮ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಮುಂದಿನ ಬದುಕಿನ ಬಗ್ಗೆ ಭರವಸೆ ಹುಟ್ಟಿಸಬೇಕು. ಇಷ್ಟೇ. ಮದುವೆ ಆಗಲೇಬೇಕು ಅಂತಿಲ್ಲ. ಕೊನೆಯಲ್ಲಿ ಅವರು ಬಾಳಿನುದ್ದಕ್ಕೂ ಜೊತೆಗಿರುತ್ತಾರೆ ಎಂದು ನಂಬಿಸಬಹುದು, ಅಥವಾ ಸದ್ಯಕ್ಕೆ ಸುಖವಾಗಿದ್ದಾರೆ, ದಾರಿ ಚೆನ್ನಾಗಿದೆ ಎಂಬಲ್ಲಿಗೆ ನಿಲ್ಲಿಸಬಹುದು.

ನಿಮ್ಮ ಕಥೆಯ ಕೊನೆಯಲ್ಲಿ ಒಬ್ಬರು ಸಾಯುತ್ತಾರಾ? ಬೇರೆ ಬೇರೆ ದಾರಿ ಹಿಡಿಯುತ್ತಾರಾ? ಅದು ಒಳ್ಳೆಯ ಕಾದಂಬರಿ ಆಗಬಹುದು, ದೊಡ್ಡ ಕಾದಂಬರಿಯೂ ಆಗಬಹುದು. ಆದರೆ ಅದನ್ನು ರೊಮ್ಯಾನ್ಸ್ ಎಂದು ಹೇಳಿ ಮಾರಬೇಡಿ. ಆಸ್ಪತ್ರೆಯಲ್ಲಿ ಯಾರಿಗೋ ಕಾಯುತ್ತಾ ಓದುವವರಿದ್ದಾರೆ, ಕೆಲಸದಿಂದ ಸುಸ್ತಾಗಿ ಬಂದು ರಾತ್ರಿ ಓದುವವರಿದ್ದಾರೆ. ಕೊನೆ ಒಳ್ಳೆಯದಿರುತ್ತದೆ ಎಂಬ ಧೈರ್ಯದ ಮೇಲೆ ಅವರು ಪುಸ್ತಕ ತೆರೆದಿರುತ್ತಾರೆ. ಅವರಿಗೆ ಕೊಟ್ಟ ಮಾತು ಮುರಿಯುವುದು ನನ್ನ ದೃಷ್ಟಿಯಲ್ಲಿ ಮೋಸ.

ಬರೆಯುವ ಮುಂಚೆ ಓದಿ. ಚಾರಿತ್ರಿಕ ಪ್ರೇಮಕಥೆ ಬರೆಯುವುದಾದರೆ ಅದನ್ನೇ, ರೋಚಕ ಕಥೆ ಬೆರೆತದ್ದಾದರೆ ಅದನ್ನೇ, ಇತ್ತೀಚೆಗೆ ಬಂದದ್ದನ್ನು ಜಾಸ್ತಿ ಓದಿ. ಒಂದು ಸಲ ಸುಮ್ನೆ ಓದುಗರಾಗಿ ಓದಿ. ಇನ್ನೊಂದು ಸಲ ಪೆನ್ಸಿಲ್ ಹಿಡಿದು ಓದಿ: ಅವರಿಬ್ಬರು ಮೊದಲು ಎದುರಾಗುವುದು ಎಷ್ಟನೇ ಪುಟದಲ್ಲಿ, ಮೊದಲು ಮುಟ್ಟುವುದು ಎಲ್ಲಿ, ಸಂಬಂಧ ಮುರಿಯುವುದು ಎಲ್ಲಿ? ಪುಟದ ಸಂಖ್ಯೆ ಬರೆದುಕೊಳ್ಳಿ. ನಾಲ್ಕೈದು ಪುಸ್ತಕಕ್ಕೆ ಹೀಗೆ ಮಾಡಿದರೆ ಈ ಕಥೆಗಳ ನಡಿಗೆ ಮನಸ್ಸಿಗೆ ಇಳಿಯುತ್ತದೆ. ಜಗಳವಾಡುತ್ತಲೇ ಪ್ರೀತಿಸುವವರು, ತೋರಿಕೆಗೆ ಮದುವೆಯಾದವರು, ವರ್ಷಗಳ ನಂತರ ಮತ್ತೆ ಸಿಕ್ಕವರು, ಗೆಳೆತನ ದಾಟಿದವರು... ಈ ಎಳೆಗಳೆಲ್ಲ ಹಳೆಯವು. ಹಳೆಯದೆಂದು ಹೆದರಬೇಡಿ. ಓದುಗರು ಆ ಎಳೆಯನ್ನು ಹುಡುಕಿಕೊಂಡೇ ಬರುತ್ತಾರೆ. ಹೊಸತಾಗಬೇಕಾದ್ದು ಆ ಎಳೆಯೊಳಗೆ ಸಿಕ್ಕಿಕೊಂಡ ಇಬ್ಬರು ಮನುಷ್ಯರು.

ಎರಡನೆಯದು: ಇಬ್ಬರನ್ನೂ ಬೇರೆ ಬೇರೆಯಾಗಿ ಕಟ್ಟಿ

ಒಬ್ಬರಿಗೊಬ್ಬರು ಸಿಗುವ ಮುಂಚೆ ಅವರಿಗೆ ಒಂದು ಬದುಕಿತ್ತು. ಅದನ್ನು ಮೊದಲು ತಿಳಿದುಕೊಳ್ಳಿ. ಕಣ್ಣಿನ ಬಣ್ಣ, ಎತ್ತರ, ಮುಗುಳ್ನಗೆ ಆಮೇಲೆ ನೋಡೋಣ. ಪ್ರತಿಯೊಬ್ಬರ ಬಗ್ಗೆಯೂ ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಇವರಿಗೆ ಈಗ ಏನು ಬೇಕು? ಏನನ್ನು ಕಂಡರೆ ಭಯ? ಆ ಭಯ ಎಲ್ಲಿಂದ ಬಂತು? ಆ ಭಯದಿಂದ ತನ್ನ ಬಗ್ಗೆ ಯಾವ ಸುಳ್ಳನ್ನು ನಂಬಿಕೊಂಡಿದ್ದಾರೆ?

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಅವನು ಒಂದು ದೊಡ್ಡ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸುವವನು. ಒಂದು ಕಿವಿ ಮಂದವಾಗುತ್ತಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಾನು ಯಾರೂ ಅಲ್ಲ ಎಂದು ನಂಬಿದ್ದಾನೆ. ಅವಳು ಅದೇ ಸಭಾಂಗಣಕ್ಕೆ ಪಿಯಾನೋ ಶ್ರುತಿ ಮಾಡಲು ಬರುವವಳು. ಅವಳ ಮೊದಲ ಗಂಡ ವರ್ಷಗಟ್ಟಲೆ ಸಾಲವನ್ನು ಮುಚ್ಚಿಟ್ಟಿದ್ದ. ಮನೆ ಹೋದ ದಿನ ಅವಳಿಗೆ ವಿಷಯ ತಿಳಿಯಿತು. ಮುಚ್ಚಿಡುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಜೊತೆಗೆ, ಮನುಷ್ಯರನ್ನು ಅಳೆಯುವ ಶಕ್ತಿಯೇ ತನಗಿಲ್ಲ ಎಂದೂ ನಂಬಿಕೊಂಡಿದ್ದಾಳೆ.

ಗಮನಿಸಿದಿರಾ? ಅವನ ಭಯವೇ ಅವಳ ಗಾಯಕ್ಕೆ ಹೋಗಿ ತಾಗುತ್ತದೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇಂಥ ಜೋಡಿ ಸಿಕ್ಕರೆ ಕಥೆಯ ಅರ್ಧ ಕೆಲಸ ಆದ ಹಾಗೆ. ಅವಳ ಹಾಳೆಯಲ್ಲಿ ಬರೆದದ್ದಕ್ಕೂ ಅವನ ಹಾಳೆಯಲ್ಲಿ ಬರೆದದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ ಬರೆಯಲು ಶುರು ಮಾಡಬೇಡಿ. ಒಬ್ಬರನ್ನು ಬದಲಾಯಿಸಿ.

ಮೂರನೆಯದು: ಅಡ್ಡಿಯನ್ನು ಪರೀಕ್ಷೆ ಮಾಡಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು. ಅವರಿಬ್ಬರೂ ಇಂದೇ ಯಾಕೆ ಒಂದಾಗಬಾರದು? ಈ ಪ್ರಶ್ನೆಗೆ ಗಟ್ಟಿ ಉತ್ತರ ಇಲ್ಲದಿದ್ದರೆ ಮುನ್ನೂರು ಪುಟ ಬರೆದರೂ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಐದು ನಿಮಿಷ ಮನಸ್ಸು ಬಿಚ್ಚಿ ಮಾತಾಡಲು ಬಿಡಿ. ಅಷ್ಟಕ್ಕೇ ಸಮಸ್ಯೆ ಬಗೆಹರಿದರೆ ಅದು ಅಡ್ಡಿಯಲ್ಲ, ಬರೀ ತಪ್ಪು ತಿಳಿವಳಿಕೆ. ಅವನ ಜೊತೆ ಇನ್ನೊಬ್ಬ ಹೆಣ್ಣನ್ನು ಕಂಡು ಅವಳು ಮುನಿಸಿಕೊಂಡಳು, ಕೊನೆಗೆ ನೋಡಿದರೆ ಆಕೆ ಅವನ ತಂಗಿ. ಓದುಗರಿಗೆ ಇದು ಸಿಟ್ಟು ತರಿಸುತ್ತದೆ. ‘ಒಂದು ಮಾತು ಕೇಳಬಾರದಿತ್ತಾ’ ಎಂದು ಅವರಿಗೆ ಅನ್ನಿಸಿದ ಕೂಡಲೇ ಆ ಪಾತ್ರದ ಮೇಲಿನ ಗೌರವ ಕಡಿಮೆಯಾಗುತ್ತದೆ.

ನಮ್ಮ ಜೋಡಿಗೆ ಇದೇ ಪರೀಕ್ಷೆ ಮಾಡಿ. ಅವನು ಕಿವಿಯ ವಿಷಯ ಹೇಳಿಬಿಟ್ಟ ಅನ್ನಿ. ಸಮಸ್ಯೆ ಮುಗಿಯಿತೇ? ಇಲ್ಲ, ಇನ್ನೂ ಬೆಳೆಯಿತು. ಈಗ ಅವಳೂ ಆ ಗುಟ್ಟನ್ನು ಸಭಾಂಗಣದವರಿಂದ ಮುಚ್ಚಿಡಬೇಕು. ತಾನು ದ್ವೇಷಿಸುವ ಕೆಲಸವನ್ನೇ ಪ್ರೀತಿಗಾಗಿ ಮಾಡಬೇಕು. ಮಾತಾಡಿದಷ್ಟೂ ಜಾಸ್ತಿ ಸಿಕ್ಕಾಗುವ ಅಡ್ಡಿಯೇ ಒಳ್ಳೆಯ ಅಡ್ಡಿ.

ಹೊರಗಿನ ಅಡ್ಡಿಯೂ ಬೇಕು. ಮನೆಯವರ ವಿರೋಧ, ದೂರದೂರಿನ ಕೆಲಸ, ಯುದ್ಧ, ಹಣ, ಏನಾದರೂ ಇರಲಿ. ಆದರೆ ಹೊರಗಿನದು ಒಳಗಿನದನ್ನು ಒತ್ತಬೇಕು. ಆರ್ಕೆಸ್ಟ್ರಾದವರು ಎಲ್ಲ ವಾದಕರಿಗೂ ಮತ್ತೆ ಆಯ್ಕೆ ಪರೀಕ್ಷೆ ಇಡುತ್ತಾರೆ ಎಂದುಕೊಳ್ಳಿ. ಅದು ಹೊರಗಿನ ಘಟನೆ. ಅದರಿಂದ ಅವನ ಭಯ ಹೆಚ್ಚುತ್ತದೆ, ಸುಳ್ಳು ಹೆಚ್ಚುತ್ತದೆ, ಅವಳ ಅನುಮಾನ ಹೆಚ್ಚುತ್ತದೆ. ಬಿರುಗಾಳಿ ಬಂದು ರಸ್ತೆ ಮುಚ್ಚಿ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಬೀಳುವ ದೃಶ್ಯ ಬರೆಯಲು ಖುಷಿಯಾಗುತ್ತದೆ, ಓದಲೂ ಖುಷಿ. ಆ ರಾತ್ರಿ ಅವರ ಒಳಗಿನ ಯಾವುದೋ ಒಂದು ಬಾಗಿಲು ಅಲುಗಾಡಬೇಕು, ಅಷ್ಟೆ. ಇಲ್ಲದಿದ್ದರೆ ಅದು ಬರೀ ಮಳೆ.

ನಾಲ್ಕನೆಯದು: ಇಬ್ಬರನ್ನೂ ಒಂದೇ ಕಡೆ ಇಡಿ, ಒಂದೊಂದು ದೃಶ್ಯದಲ್ಲೂ ಏನಾದರೂ ಬದಲಾಗಲಿ

ಹೊಸಬರ ಕರಡಿನಲ್ಲಿ ನಾನು ಪದೇ ಪದೇ ನೋಡುವ ಕೊರತೆ ಇದು: ನಾಯಕಿ ಗೆಳತಿಯ ಜೊತೆ ಕೂತು ನಾಯಕನ ಬಗ್ಗೆ ಮಾತಾಡುತ್ತಾಳೆ, ನಾಯಕ ಕಾರಿನಲ್ಲಿ ಹೋಗುತ್ತಾ ನಾಯಕಿಯ ಬಗ್ಗೆ ಯೋಚಿಸುತ್ತಾನೆ. ಇಬ್ಬರೂ ಎದುರುಬದುರಾಗುವುದು ಅಪರೂಪ. ಓದುಗರು ಬಂದಿರುವುದು ಅವರಿಬ್ಬರನ್ನು ಜೊತೆಯಲ್ಲಿ ನೋಡಲು. ಬಹುಪಾಲು ದೃಶ್ಯಗಳಲ್ಲಿ ಇಬ್ಬರೂ ಇರಲಿ. ದೂರವಿರಲೇಬೇಕಾದ ಕಡೆ ಪತ್ರ, ಫೋನು, ಬಿಟ್ಟುಹೋದ ಒಂದು ವಸ್ತುವಿನ ಮೂಲಕವಾದರೂ ಮತ್ತೊಬ್ಬರು ದೃಶ್ಯದೊಳಗೆ ಬರಲಿ.

ಪ್ರತಿ ದೃಶ್ಯ ಮುಗಿದಾಗ ಕೇಳಿಕೊಳ್ಳಿ: ಶುರುವಿನಲ್ಲಿ ಇವರ ನಡುವೆ ಇದ್ದದ್ದು ಕೊನೆಯಲ್ಲೂ ಹಾಗೇ ಇದೆಯಾ? ಹಾಗಿದ್ದರೆ ಆ ದೃಶ್ಯ ತೆಗೆಯಿರಿ, ಎಷ್ಟೇ ಚೆನ್ನಾಗಿ ಬರೆದಿದ್ದರೂ. ಬದಲಾವಣೆ ದೊಡ್ಡದಿರಬೇಕಿಲ್ಲ. ಅವನು ಯಾವಾಗಲೂ ಅವಳ ಎಡಗಡೆಯೇ ನಡೆಯುತ್ತಾನೆ ಎಂದು ಅವಳ ಗಮನಕ್ಕೆ ಬಂದರೆ ಸಾಕು. ಅವಳಿಗೆ ಕಾರಣ ಗೊತ್ತಿಲ್ಲ. ಓದುಗರಿಗೆ ಗೊತ್ತು, ಕೇಳುವ ಕಿವಿ ಅವಳ ಕಡೆ ಇರಲಿ ಎಂದು ಅವನು ಹಾಗೆ ಮಾಡುತ್ತಾನೆ. ಈ ಒಂದು ಸಾಲು ‘ಅವನಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು’ ಎನ್ನುವುದಕ್ಕಿಂತ ಜಾಸ್ತಿ ಹೇಳುತ್ತದೆ, ಅಲ್ವಾ?

ಮಾತುಕತೆಯೂ ಹೀಗೆಯೇ. ಪ್ರೀತಿಸುವವರು ಮನಸ್ಸಿನಲ್ಲಿರುವುದನ್ನು ನೇರ ಹೇಳುವುದು ಕಡಿಮೆ.

“ನೀವು ನುಡಿಸುವುದು ನನಗೆ ತುಂಬಾ ಇಷ್ಟ, ನಿಮ್ಮನ್ನು ಕಂಡರೂ ಇಷ್ಟ” ಎಂದು ಅವಳು ಹೇಳಿದರೆ ದೃಶ್ಯ ಅಲ್ಲೇ ಮುಗಿಯಿತು.

“ಪಿಯಾನೋ ಕೆಲಸ ನಿನ್ನೆಯೇ ಮುಗಿದಿತ್ತಲ್ಲ?”
“ಹೌದು.”
“ಮತ್ತೆ ಇವತ್ತು?”
“ಒಂದು ಸ್ವರ ಸರಿಯಿಲ್ಲ ಅನ್ನಿಸಿತು.”
“ಯಾವುದು?”
“ಇನ್ನೂ ಹುಡುಕುತ್ತಿದ್ದೇನೆ.”

ಇಲ್ಲಿ ಯಾರೂ ಪ್ರೀತಿಯ ಮಾತೆತ್ತಲಿಲ್ಲ. ಸಂಭಾಷಣೆ ಬರೆದ ಮೇಲೆ ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ತಿದ್ದಿ.

ದೇಹದ ಬಗ್ಗೆ ಎಷ್ಟು ಬರೆಯಬೇಕು ಎಂದು ತುಂಬ ಜನ ಕೇಳುತ್ತಾರೆ. ಕೈ ಹಿಡಿಯುವುದರಲ್ಲೇ ನಿಲ್ಲುವ ಒಳ್ಳೆಯ ಕಾದಂಬರಿಗಳಿವೆ. ಮಲಗುವ ಕೋಣೆಯೊಳಗೆ ಹೋಗುವ ಒಳ್ಳೆಯ ಕಾದಂಬರಿಗಳೂ ಇವೆ. ನಿಮಗೆ ಮುಜುಗರವಿಲ್ಲದೆ ಬರೆಯಲು ಆಗುವಷ್ಟು ಬರೆಯಿರಿ. ಶುರುವಿನ ಅಧ್ಯಾಯಗಳಲ್ಲೇ ಅದರ ಸುಳಿವು ಓದುಗರಿಗೆ ಸಿಗುವಂತೆ ನೋಡಿಕೊಳ್ಳಿ. ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳುವುದಿಲ್ಲ: ಒಪ್ಪಿಗೆ. ಬೇಡ ಎಂದವಳನ್ನು ಬಿಡದೆ ಹಿಂಬಾಲಿಸಿ ಗೆಲ್ಲುವವನನ್ನು ನಾಯಕ ಎನ್ನುವ ಕಾಲ ಇತ್ತು. ಒತ್ತಾಯವನ್ನು ಪ್ರೀತಿಯೆಂದು ತೋರಿಸುವ ಕಥೆಗಳು ರಾಶಿ ರಾಶಿ ಬಂದಿವೆ. ಈಗ ಬರೆಯುವವರಿಗೆ ಅದನ್ನು ಮುಂದುವರಿಸುವ ಕಾರಣ ಒಂದೂ ಇಲ್ಲ. ‘ಇರಲಾ, ಹೋಗಲಾ?’ ಎಂದು ಕೇಳಿ ಅವಳ ಉತ್ತರಕ್ಕೆ ಕಾಯುವ ಗಂಡಸಿನ ದೃಶ್ಯದಲ್ಲಿ ಬಿಗಿ ಕಡಿಮೆಯಾಗುವುದಿಲ್ಲ. ಆ ಕಾಯುವ ಕ್ಷಣವನ್ನೇ ಒಂದು ಪುಟ ಬರೆಯಬಹುದು.

ಕಥೆಯನ್ನು ಯಾರ ಕಣ್ಣಿನಿಂದ ಹೇಳುತ್ತೀರಿ ಎನ್ನುವುದನ್ನು ಬೇಗ ನಿರ್ಧರಿಸಿ. ಇಬ್ಬರ ಕಣ್ಣಿನಿಂದಲೂ ಹೇಳುವುದಾದರೆ ಆ ದೃಶ್ಯದಲ್ಲಿ ಹೆಚ್ಚು ಕಳೆದುಕೊಳ್ಳುವುದು ಯಾರೋ ಅವರ ಕಣ್ಣಿಗೆ ಕೊಡಿ. ಒಂದೇ ದೃಶ್ಯದ ನಡುವೆ ಕಣ್ಣು ಬದಲಾಯಿಸಬೇಡಿ.

ಐದನೆಯದು: ಮುರಿಯಿರಿ, ಆಮೇಲೆ ದುಡಿದು ಕೂಡಿಸಿ

ಕಥೆಯ ಮುಕ್ಕಾಲು ಭಾಗ ದಾಟಿದ ಮೇಲೆ ಎಲ್ಲವೂ ಮುರಿದುಬೀಳುವ ಒಂದು ಹಂತ ಬರುತ್ತದೆ. ಅದು ಹೊರಗಿನಿಂದ ಬಂದು ಬೀಳಬಾರದು. ಅಪಘಾತ, ಖಳನಾಯಕಿಯ ಪಿತೂರಿ ಇವುಗಳಿಂದ ಮುರಿದರೆ ಕೂಡಿಸುವಾಗ ಯಾರೂ ಏನನ್ನೂ ಕಲಿಯಬೇಕಾಗಿಲ್ಲ. ಎರಡನೆಯ ಹೆಜ್ಜೆಯಲ್ಲಿ ಬರೆದ ಹಾಳೆ ತೆಗೆಯಿರಿ. ಭಯ ಏನಿತ್ತೋ ಅದರಿಂದಲೇ ಮುರಿಯಲಿ. ಆಯ್ಕೆ ಪರೀಕ್ಷೆಯ ದಿನ ಕಿವಿಯ ವಿಷಯ ಬಯಲಾಗುತ್ತದೆ. ತನಗೂ ಗೊತ್ತಿತ್ತು ಎಂದು ಅವಳು ಎಲ್ಲರ ಎದುರು ಒಪ್ಪಿಕೊಳ್ಳುತ್ತಾಳೆ. ಅವನು ಸಿಟ್ಟಿನಲ್ಲಿ ‘ನೀನೇ ಹೇಳಿಬಿಟ್ಟೆ’ ಎನ್ನುತ್ತಾನೆ. ಇಬ್ಬರ ಭಯವೂ ಒಂದೇ ದಿನ ನಿಜವಾಗುತ್ತದೆ.

ಇನ್ನು ಕೂಡಿಸುವುದು. ಕ್ಷಮೆ ಕೇಳಿ ಹೂಗುಚ್ಛ ಕೊಟ್ಟರೆ ಸಾಲದು. ಮೊದಲ ಅಧ್ಯಾಯದಲ್ಲಿ ಆ ಮನುಷ್ಯನಿಂದ ಸಾಧ್ಯವೇ ಇಲ್ಲದಿದ್ದ ಒಂದು ಕೆಲಸವನ್ನು ಈಗ ಅವನು ಮಾಡಬೇಕು. ಅವನು ತಾನಾಗಿಯೇ ಆರ್ಕೆಸ್ಟ್ರಾದವರ ಮುಂದೆ ನಿಂತು, ಇಷ್ಟು ದಿನ ಮುಚ್ಚಿಟ್ಟದ್ದು ತಾನೇ, ತಪ್ಪು ತನ್ನದೇ ಎಂದು ಹೇಳಲಿ, ಅವಳು ಬರುತ್ತಾಳೋ ಇಲ್ಲವೋ ತಿಳಿಯದೆ. ಅವಳು ಮತ್ತೊಮ್ಮೆ ಒಬ್ಬ ಮನುಷ್ಯನನ್ನು ಅಳೆದು, ತನ್ನ ಅಳತೆಯನ್ನೇ ನಂಬಲಿ. ಇಬ್ಬರೂ ಏನಾದರೂ ಬಿಡಬೇಕು. ಯಾವಾಗಲೂ ಹೆಣ್ಣೇ ಕೆಲಸ ಬಿಟ್ಟು, ಊರು ಬಿಟ್ಟು ಬರುವ ಕೊನೆಗಳು ನನಗೆ ಸಮ್ಮತವಿಲ್ಲ. ಇವತ್ತಿನ ಓದುಗರೂ ಅದನ್ನು ಸುಲಭವಾಗಿ ಒಪ್ಪುವುದಿಲ್ಲ.

ಒಂದಾದ ಮೇಲೆ ತಕ್ಷಣ ಪರದೆ ಎಳೆಯಬೇಡಿ. ಇಷ್ಟು ಪುಟ ಸಂಕಟ ಅನುಭವಿಸಿದ ಓದುಗರಿಗೆ ಅವರ ಸುಖ ನೋಡಲು ಒಂದು ಅಧ್ಯಾಯವಾದರೂ ಕೊಡಿ.

ಆರನೆಯದು: ದಿನದ ಕೆಲಸಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ

ಪ್ರೇಮಕಥೆ ಬರೆಯುವವರು ಪ್ರೇಮದ ಗುಂಗಿನಲ್ಲಿ ಇರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಈ ಪ್ರಕಾರದಲ್ಲಿ ಬಾಳಿದವರ ದಿನಚರಿ ನೋಡಿದರೆ ಅದು ಕಚೇರಿ ಕೆಲಸದ ಹಾಗೇ ಇರುತ್ತದೆ. ಮೊದಲ ಕಾದಂಬರಿಯನ್ನು 1981ರಲ್ಲಿ ಪ್ರಕಟಿಸಿದ ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ ಇನ್ನೂರಕ್ಕೂ ಹೆಚ್ಚು ಕಾದಂಬರಿ ಬರೆದದ್ದು ದಿನವೂ ಗಂಟೆಗಟ್ಟಲೆ ಮೇಜಿನ ಮುಂದೆ ಕೂತು. ಇಂಗ್ಲೆಂಡಿನ ಪ್ರೇಮ ಕಾದಂಬರಿಕಾರ್ತಿ ಬಾರ್ಬರಾ ಕಾರ್ಟ್‌ಲ್ಯಾಂಡ್ ಸೋಫಾದ ಮೇಲೆ ಒರಗಿ ಕಾದಂಬರಿ ಹೇಳುತ್ತಿದ್ದರು, ಕಾರ್ಯದರ್ಶಿ ಬರೆದುಕೊಳ್ಳುತ್ತಿದ್ದರು. ದಾರಿ ಬೇರೆ, ನಿಯಮ ಒಂದೇ: ಮನಸ್ಸು ಬರಲಿ ಎಂದು ಕಾಯಬೇಡಿ.

ಮಾಲಿಕೆಯಲ್ಲಿ ಬರುವ ಇಂಗ್ಲಿಷ್ ಪ್ರೇಮ ಕಾದಂಬರಿಗಳಲ್ಲಿ ಹಲವು ಸುಮಾರು 50,000 ಪದಗಳವು. ಅದನ್ನೇ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ 500 ಪದ, ವಾರಕ್ಕೆ ಐದು ದಿನ ಬರೆದರೆ 20 ವಾರದಲ್ಲಿ ಒಂದು ಕರಡು ಕೈಯಲ್ಲಿರುತ್ತದೆ. ಕೆಲಸ, ಮಕ್ಕಳು, ಮನೆ ಇದ್ದವರಿಗೂ ಇದು ಆಗುವ ಮಾತು. ಒಂದು ದಿನ ತಪ್ಪಿದರೆ ಮರುದಿನ ಸಾವಿರ ಬರೆಯಲು ಹೋಗಬೇಡಿ. ಮತ್ತೆ 500 ಬರೆಯಿರಿ. ಸಾಲ ತೀರಿಸುವ ಹಾಗೆ ಬರೆದರೆ ಬರವಣಿಗೆ ಬೇಡವಾಗುತ್ತದೆ.

ಕರಡು ಮುಗಿಯುವವರೆಗೂ ಹಿಂದಕ್ಕೆ ಹೋಗಿ ತಿದ್ದುವುದನ್ನು ಆದಷ್ಟು ತಡೆಯಿರಿ. ನಿನ್ನೆ ಬರೆದದ್ದರ ಕೊನೆಯ ಪುಟ ಓದಿ, ಮುಂದೆ ಸಾಗಿ. ದೃಶ್ಯದ ನಡುವೆಯೇ, ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸಿದರೆ ಮರುದಿನ ಶುರು ಮಾಡುವುದು ಸುಲಭ.

ಏಳನೆಯದು: ತಿದ್ದುವ ಕ್ರಮ

ಕರಡನ್ನು ಕೆಲವು ವಾರ ಪಕ್ಕಕ್ಕಿಡಿ. ಆಮೇಲೆ ಕಥೆಯನ್ನು ಮಾತ್ರ ನೋಡಿ: ಅಡ್ಡಿ ಗಟ್ಟಿಯಾಗಿದೆಯಾ, ಪ್ರೀತಿ ಹುಟ್ಟಿದ್ದಕ್ಕೆ ಕಾರಣ ಕಾಣುತ್ತದಾ, ಮುರಿದದ್ದು ನ್ಯಾಯವಾಗಿದೆಯಾ? ದೃಶ್ಯ ಸೇರಿಸುವುದು, ತೆಗೆಯುವುದು ಈಗಲೇ. ಎರಡನೆಯ ಸುತ್ತಿನಲ್ಲಿ ಮಾತುಕತೆ. ಮೂರನೆಯ ಸುತ್ತಿನಲ್ಲಿ ವಾಕ್ಯ, ಕಾಗುಣಿತ. ಕ್ರಮ ತಪ್ಪಿಸಿದರೆ, ಆಮೇಲೆ ಹೇಗೂ ತೆಗೆದುಹಾಕುವ ದೃಶ್ಯದ ಕಾಗುಣಿತ ತಿದ್ದುತ್ತಾ ಕೂರುತ್ತೀರಿ. ಎದೆ ಬಡಿತ, ನಡುಗುವ ತುಟಿ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಷ್ಟು ಸಲ ಬಂದಿದೆ ಎಂದು ಕಂಪ್ಯೂಟರ್‌ನಲ್ಲಿ ಹುಡುಕಿ. ಮುಕ್ಕಾಲು ಪಾಲು ತೆಗೆಯಬಹುದು.

ಪ್ರಕಟಿಸುವ ಮುಂಚೆ ಎರಡು ಮೂರು ಜನರಿಗೆ ಓದಲು ಕೊಡಿ. ಅವರು ಪ್ರೇಮಕಥೆ ಇಷ್ಟಪಟ್ಟು ಓದುವವರಾಗಿರಲಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ. ‘ಎಲ್ಲಿ ಓದುವುದನ್ನು ನಿಲ್ಲಿಸಿದಿರಿ? ಯಾರ ಮೇಲೆ ಸಿಟ್ಟು ಬಂತು? ಅವರಿಬ್ಬರು ಒಬ್ಬರಿಗೊಬ್ಬರು ಯಾಕೆ ಬೇಕು ಅನ್ನಿಸಿತು?’ ಎಂದು ಕೇಳಿ.

ಎಂಟನೆಯದು: ಪ್ರಕಟಣೆ, ಕರಾರು, ದುಡ್ಡು

ಈ ಪ್ರಕಾರ ಬಹಳ ಹಿಂದೆಯೇ ದೊಡ್ಡ ಉದ್ಯಮವಾಯಿತು. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಮೊದಲು ಎಲ್ಲ ಬಗೆಯ ಪುಸ್ತಕ ಹಾಕುತ್ತಿತ್ತು, ಪ್ರೇಮಕಥೆಗೆ ಹೊರಳಿದ್ದು ಆಮೇಲೆ. ಕೆನಡಾದಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ 1971ರಲ್ಲಿ ಅದನ್ನು ಕೊಂಡುಕೊಂಡಿತು. ಇಂಥ ಪ್ರಕಾಶಕರಿಗೆ ಕಳಿಸುವುದಾದರೆ ಅವರ ಯಾವ ಮಾಲಿಕೆಗೆ ಎಷ್ಟು ಪದ, ಎಂಥ ಕಥೆ ಬೇಕು ಎಂದು ಅವರೇ ಬರೆದಿರುತ್ತಾರೆ. ಅದನ್ನು ಓದದೆ ಕಳಿಸಬೇಡಿ.

ಇನ್ನೊಂದು ದಾರಿ ನೀವೇ ಪ್ರಕಟಿಸುವುದು. ಅಮೆಜಾನ್ 2007ರಲ್ಲಿ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನ ಶುರು ಮಾಡಿದ ಮೇಲೆ ಈ ದಾರಿ ಹಿಡಿದವರಲ್ಲಿ ಪ್ರೇಮಕಥೆಯವರು ತುಂಬಾ ಜನ. ಇಲ್ಲಿ ಸಂಪಾದಕರು, ಮುಖಪುಟ, ಜಾಹೀರಾತು ಎಲ್ಲದಕ್ಕೂ ನಿಮ್ಮದೇ ಖರ್ಚು. ಕೈಯಲ್ಲಿ ಹಣ ಕಡಿಮೆಯಿದ್ದರೆ ಜಾಹೀರಾತು ಬಿಡಿ, ಸಂಪಾದಕರನ್ನು ಬಿಡಬೇಡಿ. ಅಮೆಜಾನ್‌ನ ಕೆಡಿಪಿ ಸೆಲೆಕ್ಟ್ ಎಂಬ ಯೋಜನೆಗೆ ಸೇರಿದರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವ ಹಾಗಿಲ್ಲ, ಧಾರಾವಾಹಿಯಾಗಿಯೂ ಬೇರೆ ಕಡೆ ಹಾಕುವ ಹಾಗಿಲ್ಲ. ನೀವು ಬೇಡ ಎಂದು ಗುರುತು ಹಾಕದಿದ್ದರೆ ಅದು ತಾನಾಗಿಯೇ ಇನ್ನೂ 90 ದಿನಕ್ಕೆ ಮುಂದುವರಿಯುತ್ತದೆ. ಸೇರುವ ಮುಂಚೆ ಇದು ಗೊತ್ತಿರಲಿ.

ಪ್ರಕಾಶಕರ ಕರಾರು ಬಂದಾಗ ಖುಷಿಯಲ್ಲಿ ಅಂದೇ ಸಹಿ ಹಾಕಬೇಡಿ. ಯಾವ ಹಕ್ಕು ಕೊಡುತ್ತಿದ್ದೀರಿ ನೋಡಿ: ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ. ಎಲ್ಲವನ್ನೂ ಎಂದೆಂದಿಗೂ ಕೇಳುವ ಕರಾರು ಒಳ್ಳೆಯದಲ್ಲ. ಪುಸ್ತಕ ಮಾರಾಟದಲ್ಲಿ ಇಲ್ಲದಾದರೆ ಹಕ್ಕು ನಿಮಗೆ ಯಾವಾಗ ವಾಪಸ್ ಬರುತ್ತದೆ ಎಂಬುದು ಬರಹದಲ್ಲಿ ಇರಲೇಬೇಕು. ರಾಯಲ್ಟಿ, ಅಂದರೆ ಮಾರಾಟದಿಂದ ನಿಮಗೆ ಬರುವ ಪಾಲು, ಮುಖಬೆಲೆಯ ಮೇಲೋ, ಪ್ರಕಾಶಕರಿಗೆ ಕೈಗೆ ಬಂದ ಹಣದ ಮೇಲೋ? ಶೇಕಡಾವಾರು ಒಂದೇ ಇದ್ದರೂ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಮುಂಗಡ ಕೊಟ್ಟರೆ ಅದು ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಹಣ, ಬೇರೆ ಸಂಭಾವನೆ ಅಲ್ಲ. ಪುಸ್ತಕ ಹಾಕಲು ಲೇಖಕರಿಂದಲೇ ಹಣ ಕೇಳಿ, ಹಕ್ಕನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವವರ ಬಳಿ ಹೋಗಬೇಡಿ.

ಒಂದು ಪುಸ್ತಕದಿಂದ ಮನೆ ನಡೆಯುವುದು ಅಪರೂಪ. ಒಂದು ಕಥೆಯ ಗೆಳತಿ ಮುಂದಿನದರಲ್ಲಿ ನಾಯಕಿಯಾಗುವ ಸರಣಿಗಳು ಈ ಪ್ರಕಾರದಲ್ಲಿ ಅಷ್ಟೊಂದು ಇರುವುದು ಇದೇ ಕಾರಣಕ್ಕೆ. ಮೂರನೆಯ ಪುಸ್ತಕ ಇಷ್ಟವಾದವರು ಮೊದಲ ಎರಡನ್ನೂ ಹುಡುಕಿ ಓದುತ್ತಾರೆ. ಇರುವ ಕೆಲಸವನ್ನು ಬೇಗ ಬಿಡಬೇಡಿ.

ಒಂಬತ್ತನೆಯದು: ಹೆಸರು, ಓದುಗರು, ಮೂಗು ಮುರಿಯುವವರು

ಬೇರೆ ಹೆಸರಿನಲ್ಲಿ ಬರೆಯಬಹುದಾ? ಖಂಡಿತ. ಮನೆಯವರಿಗೆ, ಕೆಲಸದ ಕಡೆ ಗೊತ್ತಾಗಬಾರದು ಎಂಬುದೊಂದು ಕಾರಣ. ಬೇರೆ ಬಗೆಯ ಕಥೆಗೆ ಬೇರೆ ಗುರುತು ಬೇಕು ಎಂಬುದು ಇನ್ನೊಂದು. ನೋರಾ ರಾಬರ್ಟ್ಸ್ 1995ರಿಂದ ತಮ್ಮ ಪೊಲೀಸ್ ತನಿಖೆಯ ಕಥೆಗಳನ್ನು ಜೆ. ಡಿ. ರಾಬ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದಾರೆ. ಆದರೆ ಕರಾರು, ತೆರಿಗೆ, ಬ್ಯಾಂಕಿನ ಕಾಗದಗಳಲ್ಲಿ ನಿಮ್ಮ ನಿಜವಾದ ಹೆಸರೇ ಇರಬೇಕು.

‘ಗಂಭೀರವಾದದ್ದು ಯಾವಾಗ ಬರೀತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ನಾಚಿಕೊಳ್ಳುವ ಅಗತ್ಯ ನನಗೆ ಎಂದೂ ಕಂಡಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರನ್ನು ನಂಬುವುದು ಹೇಗೆ, ಒಮ್ಮೆ ಮೋಸಹೋದವರು ಮತ್ತೆ ನಂಬುವುದು ಹೇಗೆ? ಇದಕ್ಕಿಂತ ಗಂಭೀರ ವಿಷಯ ಯಾವುದಿದೆ? ಪ್ರೇಮಕಥೆ ಬರೆದವರಲ್ಲಿ, ಓದಿದವರಲ್ಲಿ ಹೆಚ್ಚಿನವರು ಹೆಂಗಸರು ಎಂಬ ಕಾರಣಕ್ಕೇ ಇದನ್ನು ಹಗುರವಾಗಿ ನೋಡುವುದು ನಡೆದುಬಂದಿದೆ. ವಾದಕ್ಕೆ ಇಳಿಯಬೇಡಿ. ಅಷ್ಟು ಹೊತ್ತಿನಲ್ಲಿ ಒಂದು ದೃಶ್ಯ ಬರೆಯಬಹುದು.

ಓದುಗರ ವಿಮರ್ಶೆಗಳಿಗೆ ಉತ್ತರ ಕೊಡಬೇಡಿ, ಸುಳ್ಳು ಆರೋಪವಿದ್ದರೂ. ಆದರೆ ಓದಿ. ಒಂದೇ ದೂರು ಐದಾರು ಜನರಿಂದ ಬಂದರೆ, ಮುಂದಿನ ಪುಸ್ತಕದ ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ. ಆ ಮುಂದಿನ ಪುಸ್ತಕ, ಮೊದಲನೆಯದು ಸಂಪಾದಕರ ಕೈಯಲ್ಲಿರುವಾಗಲೇ ಶುರುವಾಗಿರಲಿ. ಅವರ ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ಇನ್ನಿಬ್ಬರು ಮನುಷ್ಯರ ಹಾಳೆ ತುಂಬಿಸಿ, ಅವರ ಅಡ್ಡಿಯನ್ನು ಐದು ನಿಮಿಷದ ಪರೀಕ್ಷೆಗೆ ಹಚ್ಚಬಹುದು.